ಶಾಸಕರೇ, ಕೆಲಸ ತಡವಾದರೆ ತಾರೀಖನ್ನಾದರೂ ಕೊಡಿ

ಚಳಿಗಾಲದ ಅಧಿವೇಶನಕ್ಕೆಂದು ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಬರುವ ಎಲ್ಲ ಪಕ್ಷಗಳ ಮಾನ್ಯ ಶಾಸಕರಿಗೆ,

ಬೈಲಹೊಂಗಲದಿಂದ ನಮಸ್ಕಾರಗಳು.

ನಮ್ಮ ಭಾಗದಲ್ಲಿ ಯಾವ ಕಾಲೇಜಿನ ವಾರ್ಷಿಕೋತ್ಸವವಿರಲಿ, ಯಾವ ಉತ್ಸವದ ವೇದಿಕೆಯಿರಲಿ, ಮಾಲೆ ಹಾಕಿಸಿಕೊಂಡ ಮೇಲೆ ನಿಮ್ಮಲ್ಲಿ ಹೆಚ್ಚಿನವರು ಆಡುವ ಮಾತು ಒಂದಿದೆ. ಇಂದಿನ ಯುವಕರು ಮೊಬೈಲ್ ಹಿಡಿದು ಕಾಲಹರಣ ಮಾಡುತ್ತಿದ್ದಾರೆ, ಕಟ್ಟೆಯ ಮೇಲೆ ಕುಳಿತು ವ್ಯರ್ಥ ಹರಟುತ್ತಿದ್ದಾರೆ, ಚೆನ್ನಮ್ಮ ರಾಯಣ್ಣರ ನೆಲದಲ್ಲಿ ಹುಟ್ಟಿ ಹೀಗಾದರೆ ಹೇಗೆ ಎಂಬುದು ಅದರ ಸಾರಾಂಶ. ಕೇಳುವವರು ಚಪ್ಪಾಳೆಯನ್ನೂ ತಟ್ಟುತ್ತಾರೆ. ಆ ಮಾತಿಗೆ ಉತ್ತರವಾಗಿ ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಹುಡುಗರ ಕಾಲ ಹರಣವಾಗುತ್ತಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹರಣ ಮಾಡುತ್ತಿರುವವರು ಯಾರು ಎಂಬುದರಲ್ಲಿ ಮಾತ್ರ ನನ್ನ ಲೆಕ್ಕ ನಿಮ್ಮದಕ್ಕಿಂತ ಬೇರೆ.

ನಾನು ಇಲ್ಲಿ ಒಂದು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ನಡೆಸುತ್ತೇನೆ. ಧಾರವಾಡದಲ್ಲಿ ಸಮಾಜಶಾಸ್ತ್ರದ ಎಂ.ಎ. ಮುಗಿಸಿ ಬಂದವನು, ಆ ಪದವಿಗೆ ಸಿಕ್ಕ ಉದ್ಯೋಗ ಇದೇ ಎಂದು ತಮಾಷೆ ಮಾಡುವವರಿದ್ದಾರೆ, ಮಾಡಲಿ. ಊರಿನ ನಿರುದ್ಯೋಗವನ್ನು ನನ್ನಷ್ಟು ಹತ್ತಿರದಿಂದ ನೋಡುವ ಕುರ್ಚಿ ತಾಲ್ಲೂಕು ಕಚೇರಿಯಲ್ಲೂ ಇಲ್ಲ. ಪಿಡಿಒ, ಎಫ್‌ಡಿಎ, ಎಸ್‌ಡಿಎ, ಪೊಲೀಸ್ ಕಾನ್‌ಸ್ಟೆಬಲ್, ರೈಲ್ವೆ, ಅಗ್ನಿವೀರ, ಗ್ರಾಮ ಆಡಳಿತಾಧಿಕಾರಿ, ಹೀಗೆ ಎಲ್ಲ ಅರ್ಜಿಗಳೂ ಈ ಮೇಜಿನ ಮೇಲಿಂದಲೇ ಹೋಗುತ್ತವೆ. ಒಬ್ಬನೇ ಹುಡುಗನ ಭಾವಚಿತ್ರಗಳು ನನ್ನ ಕಂಪ್ಯೂಟರಿನ ಒಂದೇ ಫೋಲ್ಡರಿನಲ್ಲಿ ವರ್ಷದ ಕ್ರಮದಲ್ಲಿ ಇವೆ. ಮೊದಲನೆಯದರಲ್ಲಿ ಮೀಸೆ ಸರಿಯಾಗಿ ಮೂಡಿಲ್ಲ. ಈಚಿನದರಲ್ಲಿ ನೆತ್ತಿ ಕಾಣುತ್ತದೆ. ‘ಹಾಲಿ ಉದ್ಯೋಗ’ ಎಂಬ ಅಂಕಣ ಬಂದಾಗ ನಾನು ಕೇಳದೆಯೇ ‘ಇಲ್ಲ’ ಎಂದು ಒತ್ತುತ್ತೇನೆ. ಕೇಳಿ ಒತ್ತುವುದಕ್ಕಿಂತ ಅದು ಮರ್ಯಾದೆ.

ಈ ಹುಡುಗರ ಒಂದು ದಿನ ಹೇಗಿರುತ್ತದೆ ಎಂದು ನೀವು ನೋಡಿರಲಾರಿರಿ. ಬೆಳಗಿನ ಐದಕ್ಕೆ ಮೈದಾನದಲ್ಲಿ ಓಟ. ಸೈನ್ಯಕ್ಕೂ ಪೊಲೀಸಿಗೂ 1,600 ಮೀಟರ್ ಓಡಬೇಕು. ಹಾಗಾಗಿ ಎರಡಕ್ಕೂ ಒಂದೇ ತಯಾರಿ. ಆ ಹೊತ್ತಿನಲ್ಲಿ ಮೈದಾನಕ್ಕೆ ಹೋದರೆ ನಿಮ್ಮ ಕಾಲಹರಣದ ಭಾಷಣ ಗಂಟಲಲ್ಲೇ ಉಳಿಯುತ್ತದೆ. ಹುಬ್ಬಿನ ಮೇಲೆ ಬೆವರು, ಕೈಯಲ್ಲಿ ಸ್ಟಾಪ್‌ವಾಚ್ ಹಾಕಿದ ಮೊಬೈಲ್, ಹಿಂದೆ ಬಿದ್ದವನನ್ನು ಕೂಗಿ ಎಳೆದುಕೊಂಡು ಹೋಗುವ ಗೆಳೆಯ. ಏಳೂವರೆಗೆ ಮನೆ, ಸ್ನಾನ, ರೊಟ್ಟಿ. ಹತ್ತಕ್ಕೆ ಓದುವ ಕೋಣೆ. ಹನ್ನೊಂದೂವರೆಗೆ ಅವರಲ್ಲಿ ಒಬ್ಬಿಬ್ಬರು ನನ್ನ ಅಂಗಡಿಯ ಮುಂದೆ ನಿಂತು, ‘ಏನಾದರೂ ಬಂತೇ?’ ಎನ್ನುತ್ತಾರೆ. ನೋಟಿಫಿಕೇಷನ್ ಬಂತೇ ಎಂದು ಅರ್ಥ. ಅವರ ಮೊಬೈಲಿನಲ್ಲಿ ಹತ್ತು ಟೆಲಿಗ್ರಾಂ ಗುಂಪುಗಳಿವೆ, ಬಂದಿದ್ದರೆ ನನಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ. ಆದರೂ ಕೇಳುತ್ತಾರೆ. ನಾನೂ ಒಮ್ಮೆ ಪರದೆ ನೋಡಿ ‘ಇಲ್ಲಪ್ಪ’ ಎನ್ನುತ್ತೇನೆ. ಮಧ್ಯಾಹ್ನ ಎರಡರಿಂದ ಐದು ಅತಿ ಕೆಟ್ಟ ಹೊತ್ತು. ಮನೆಯಲ್ಲಿ ಮಲಗಿದರೆ ಅಪ್ಪನ ಕಣ್ಣಿಗೆ ಬೀಳಬೇಕು, ಓದಲು ಕುಳಿತರೆ ಅದೇ ಪುಸ್ತಕದ ಅದೇ ಪುಟ, ಪೇಟೆಗೆ ಬಂದರೆ ಯಾರಾದರೂ ‘ಈಗ ಏನು ಮಾಡಿಕೊಂಡಿದ್ದೀಯಾ?’ ಎನ್ನಬೇಕು. ಈ ಪ್ರಶ್ನೆಗೆ ಹೆದರಿ ಮದುವೆಗೆ ಹೋಗುವುದನ್ನು ಬಿಟ್ಟವರಿದ್ದಾರೆ. ಜಾತ್ರೆಯ ದಿನ ಊರಲ್ಲಿರದೆ ಧಾರವಾಡದ ಗೆಳೆಯನ ಕೋಣೆಗೆ ಹೋಗಿ ಮಲಗುವವರೂ ಇದ್ದಾರೆ. ಕೆಲಸವಿಲ್ಲದವನಿಗೆ ಹಬ್ಬಕ್ಕೆ ಬೇಕಾದಷ್ಟು ಸಮಯ ಇರುತ್ತದೆ ಎಂದುಕೊಳ್ಳುತ್ತೇವೆ. ಅವನು ಮೊದಲು ಕಳೆದುಕೊಳ್ಳುವುದೇ ಹಬ್ಬವನ್ನು.

ಇದು ಬೈಲಹೊಂಗಲದ ವಿಶೇಷವೇನೂ ಅಲ್ಲ. ಎಂ.ಎ. ತರಗತಿಯಲ್ಲಿ ಓದಿದ ಒಂದು ಅಧ್ಯಯನ ಈ ಅಂಗಡಿಯಲ್ಲಿ ಕುಳಿತಾಗ ಪದೇ ಪದೇ ನೆನಪಾಗುತ್ತದೆ. ಆಸ್ಟ್ರಿಯಾದ ವಿಯೆನ್ನಾ ಹತ್ತಿರ ಮರಿಯೆಂಥಾಲ್ ಎಂಬ ಊರು. ಇಡೀ ಊರಿಗೆ ಇದ್ದದ್ದು ಒಂದೇ ಬಟ್ಟೆ ಗಿರಣಿ. ಜಗತ್ತಿನ ಮಹಾ ಆರ್ಥಿಕ ಕುಸಿತದಲ್ಲಿ ಅದು ಮುಚ್ಚಿತು. ಮಾರೀ ಯಹೋಡಾ, ಪೌಲ್ ಲಜಾರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಎಂಬ ಮೂವರು ತಮ್ಮ ತಂಡದೊಂದಿಗೆ ಅಲ್ಲಿಗೆ ಹೋಗಿ ಜನರ ಬದುಕನ್ನು ದಾಖಲಿಸಿದರು. 1933ರಲ್ಲಿ ವರದಿ ಪ್ರಕಟವಾಯಿತು. ಅದರ ಹಿಂದಿನ ಕಥೆ ನನಗೆ ಇನ್ನೂ ಇಷ್ಟ. ಲಜಾರ್ಸ್‌ಫೆಲ್ಡ್ ಮೊದಲು ಅಧ್ಯಯನ ಮಾಡಹೊರಟಿದ್ದು ಕಾರ್ಮಿಕರು ಬಿಡುವಿನ ವೇಳೆಯನ್ನು ಹೇಗೆ ಕಳೆಯುತ್ತಾರೆ ಎಂಬುದನ್ನು. ಅಲ್ಲಿನ ಸಮಾಜವಾದಿ ನಾಯಕ ಓಟೋ ಬೌವರ್ ಅದನ್ನು ಕೇಳಿ ರೇಗಿದರು. ಇಷ್ಟು ಜನ ಕೆಲಸವಿಲ್ಲದೆ ಕುಳಿತಿರುವಾಗ ಬಿಡುವಿನ ಅಧ್ಯಯನ ಯಾರಿಗೆ ಬೇಕು, ನಿರುದ್ಯೋಗವನ್ನು ನೋಡಿ ಎಂದರು. ಒಬ್ಬ ರಾಜಕಾರಣಿಯ ಒಂದು ಸಿಟ್ಟಿನ ಮಾತು ಸಮಾಜಶಾಸ್ತ್ರಕ್ಕೆ ಅಷ್ಟು ಉಪಕಾರ ಮಾಡಿದ್ದುಂಟು; ನಿಮಗೆ ಇದನ್ನು ಹೇಳುವುದರಲ್ಲಿ ನನ್ನ ಸ್ವಾರ್ಥವೂ ಇದೆ.

ಅವರು ಕಂಡದ್ದು ಏನು? ದಿನವಿಡೀ ಬಿಡುವಾದ ಆ ಊರಿನಲ್ಲಿ ಜನ ಹೆಚ್ಚು ಓದಬೇಕಿತ್ತು. ಗ್ರಂಥಾಲಯದಲ್ಲಿ ಪುಸ್ತಕಕ್ಕೆ ಕೊಡಬೇಕಿದ್ದ ಸಣ್ಣ ಶುಲ್ಕವನ್ನೂ ತೆಗೆದುಹಾಕಿದ್ದರು. ಆದರೆ 1929ರಿಂದ 1931ರ ನಡುವೆ ಪುಸ್ತಕ ಎರವಲು ಪಡೆಯುವುದು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಅಧ್ಯಯನಕಾರರು ಮುಖ್ಯ ಬೀದಿಯ ಒಂದು ಕಿಟಕಿಯ ಹಿಂದೆ ನಿಂತು ಜನ ನಡೆಯುವ ವೇಗವನ್ನು ಅಳೆದರು. ಗಂಡಸರು ನಿಧಾನ, ದಾರಿಯಲ್ಲಿ ಮತ್ತೆ ಮತ್ತೆ ನಿಲ್ಲುವವರು. ಹೆಂಗಸರು ಅವರ ಒಂದೂವರೆ ಪಟ್ಟು ವೇಗ, ಏಕೆಂದರೆ ಮನೆಯಲ್ಲಿ ಕೆಲಸ ಕಾಯುತ್ತಿತ್ತು. ದಿನವನ್ನು ಹೇಗೆ ಕಳೆದಿರಿ ಎಂದು ಗಂಟೆವಾರು ಬರೆಯಲು ಹಾಳೆ ಕೊಟ್ಟರೆ ಗಂಡಸರಿಗೆ ಏಳುವುದು, ಊಟ, ಮಲಗುವುದು ಬಿಟ್ಟರೆ ನಡುವೆ ಏನಾಯಿತೆಂದು ನೆನಪಾಗುತ್ತಿರಲಿಲ್ಲ. ಬಹಳ ಜನ ಕೈಗಡಿಯಾರ ಕಟ್ಟುವುದನ್ನೇ ಬಿಟ್ಟಿದ್ದರು.

ಮರಿಯೆಂಥಾಲಿನವರ ಗಿರಣಿ ಮುಚ್ಚಿತ್ತು. ನಮ್ಮ ಹುಡುಗರ ಗಿರಣಿ ಇನ್ನೂ ಬಾಗಿಲನ್ನೇ ತೆರೆದಿಲ್ಲ, ಎಂದು ತೆರೆಯುತ್ತದೆ ಎಂದೂ ಯಾರೂ ಹೇಳುವುದಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

ಕಾಯುವುದು ನಮಗೆ ಹೊಸದಲ್ಲ. ಮಳೆ ನಂಬಿದ ಸೀಮೆಯ ಒಕ್ಕಲು ಮಕ್ಕಳು ನಾವು. ಹಿಂಗಾರಿ ಜೋಳ, ಕಡಲೆ ಮನೆಗೆ ಬಂದ ಮೇಲೆ ರೋಹಿಣಿ ಮಳೆಯವರೆಗೆ ಕೈ ಖಾಲಿಯೇ ಇರುತ್ತಿತ್ತು. ಆ ತಿಂಗಳುಗಳಲ್ಲಿ ಸಣ್ಣಾಟ, ಪಾರಿಜಾತದಂಥ ಜನಪದ ಆಟಗಳ ತಾಲೀಮು ನಡೆಯುತ್ತಿತ್ತು. ಗರಡಿಮನೆಯಲ್ಲಿ ಕೆಮ್ಮಣ್ಣು ಹದವಾಗುತ್ತಿತ್ತು. ಭಜನೆಯ ಮೇಳದವರು ಬೆಳಗಿನ ತನಕ ತಾಳ ಹಾಕುತ್ತಿದ್ದರು. ಯಾರಿಗೂ ಅದು ಕಾಲಹರಣ ಎನ್ನಿಸಲಿಲ್ಲ. ಮಳೆ ಬರುವ ನಕ್ಷತ್ರ ಪಂಚಾಂಗದಲ್ಲಿತ್ತು, ಆ ದಿನ ಕೂರಿಗೆ ಹೂಡಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಮುಗಿಯುವ ದಿನ ಗೊತ್ತಿದ್ದ ಬಿಡುವಿನಲ್ಲಿ ಜನ ಹಾಡಿದರು, ಕುಣಿದರು, ಕುಸ್ತಿ ಹಿಡಿದರು. ಈಗಿನ ಹುಡುಗನಿಗೆ ಡೊಳ್ಳಿನ ತಂಡ ಸೇರು ಎಂದರೆ ‘ಪರೀಕ್ಷೆ ಬಂದರೆ?’ ಎನ್ನುತ್ತಾನೆ. ಅಪ್ಪನ ಹೊಲಕ್ಕೆ ಪೂರ್ತಿ ಇಳಿ ಎಂದರೂ ಅದೇ ಉತ್ತರ, ಹುಬ್ಬಳ್ಳಿಯ ಷೋರೂಮಿನಲ್ಲಿ ಕೆಲಸವಿದೆ ಎಂದರೂ ಅದೇ ಉತ್ತರ. ಪರೀಕ್ಷೆ ಮಾತ್ರ ಬರುವುದಿಲ್ಲ.

ಇದನ್ನು ಸುಮ್ಮನೆ ದೂರುತ್ತಿದ್ದೇನೆ ಎಂದುಕೊಳ್ಳಬೇಡಿ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ 2021ರ ಅಕ್ಟೋಬರ್ 3ರಂದು ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿದಿರಿ, ರದ್ದಾದದ್ದು ಸರಿ. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಒಂದು ರೂಪಾಯಿ ಲಂಚ ಕೊಡದೆ ಓದಿ ಬರೆದವರ ಎರಡು ವರ್ಷ ಮೂರು ತಿಂಗಳು ಅಲ್ಲಿಗೆ ಹೋಯಿತು. ಕದ್ದವರ ಮೇಲೆ ಮೊಕದ್ದಮೆ ಹೂಡಿದಿರಿ, ಕಳೆದುಕೊಂಡವರಿಗೆ ಏನು ಕೊಟ್ಟಿರಿ? 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ರಂದು ನಡೆದು, ಕನ್ನಡ ಪ್ರಶ್ನೆಪತ್ರಿಕೆಯ ತಪ್ಪುಗಳ ಕಾರಣಕ್ಕೆ ಡಿಸೆಂಬರ್ 29ರಂದು ಮತ್ತೆ ನಡೆಯಿತು. ಕನ್ನಡ ನಾಡಿನ ಲೋಕಸೇವಾ ಆಯೋಗಕ್ಕೆ ಕನ್ನಡದಲ್ಲಿ ಪ್ರಶ್ನೆ ಕೇಳಲು ಬಾರದಿದ್ದರೆ ಅದರ ದಂಡವನ್ನು ಹಳ್ಳಿಯ ಹುಡುಗ ಕಟ್ಟಬೇಕು. ಇನ್ನು ಒಳಮೀಸಲಾತಿ, ಅಂದರೆ ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಆ ಜಾತಿಗಳ ಗುಂಪುಗಳೊಳಗೇ ಹಂಚುವುದು. ಅದು ನ್ಯಾಯವಾದ ಬೇಡಿಕೆ, ಮೂವತ್ತು ವರ್ಷಗಳ ಹೋರಾಟದ ಫಲ, ಅದರ ಬಗ್ಗೆ ನನಗೆ ಎರಡನೇ ಮಾತಿಲ್ಲ. ಆದರೆ ಅದು ತೀರ್ಮಾನವಾಗುವವರೆಗೆ ಎಂದು 2024ರ ಅಕ್ಟೋಬರ್ ಕೊನೆಯಲ್ಲಿ ಹೊಸ ಅಧಿಸೂಚನೆಗಳನ್ನು ನಿಲ್ಲಿಸಿದಾಗ ಎಷ್ಟು ದಿನ ಎಂಬುದನ್ನು ಯಾರಾದರೂ ಹೇಳಿದರೇ? ಸಂಪುಟದ ತೀರ್ಮಾನ ಬಂದದ್ದು 2025ರ ಆಗಸ್ಟ್‌ನಲ್ಲಿ. ಆ ತಿಂಗಳುಗಳಲ್ಲಿ ನನ್ನ ಅಂಗಡಿಗೆ ಬರುತ್ತಿದ್ದವರ ಮುಖದಲ್ಲಿ ಜಾತಿ ಜಾತಿಯ ನಡುವಿನ ಸಿಟ್ಟಿರಲಿಲ್ಲ. ಎಲ್ಲ ಜಾತಿಯವರಿಗೂ ಇದ್ದದ್ದು ಒಂದೇ ಪ್ರಶ್ನೆ: ಯಾವಾಗ? ಆಮೇಲೆ ಧಾರವಾಡದಲ್ಲಿ ಅವರು ಬೀದಿಗಿಳಿದರು. ನೀವು ವಯೋಮಿತಿ ಸಡಿಲಿಸಿದಿರಿ. ಸಡಿಲಿಸಿದ್ದು ಒಳ್ಳೆಯದೇ, ಆದರೆ ಅದರ ಅರ್ಥ ಇನ್ನಷ್ಟು ವರ್ಷ ಕಾಯಲು ಅನುಮತಿ ಎಂದು ಹುಡುಗರು ಓದಿಕೊಂಡರೆ ತಪ್ಪು ಅವರದಲ್ಲ.

ದೆಹಲಿಯ ಯುಪಿಎಸ್‌ಸಿ ಪ್ರತಿ ವರ್ಷ ಮುಂದಿನ ವರ್ಷದ ಪರೀಕ್ಷೆಗಳ ವೇಳಾಪಟ್ಟಿ ಪ್ರಕಟಿಸುತ್ತದೆ. ಅಧಿಸೂಚನೆ ಯಾವ ದಿನ, ಅರ್ಜಿಗೆ ಕೊನೆಯ ದಿನ ಯಾವುದು, ಪರೀಕ್ಷೆ ಯಾವ ದಿನ ಎಲ್ಲವೂ ಅದರಲ್ಲಿರುತ್ತದೆ. ಅಲ್ಲಿ ತೇರ್ಗಡೆಯಾಗುವವರು ಬೆರಳೆಣಿಕೆಯಷ್ಟು, ಇರಲಿ. ಆದರೆ ಸೋತವನಿಗೂ ತಾನು ಸೋತ ತಾರೀಖು ಗೊತ್ತಿರುತ್ತದೆ; ಅವನು ಮರುದಿನ ಬೇರೆ ದಾರಿ ಹಿಡಿಯಬಹುದು. ನಮ್ಮವನಿಗೆ ಸೋಲುವ ಹಕ್ಕೂ ಇಲ್ಲ. ಅಗ್ನಿವೀರನಾಗಿ ಹೋದವನಿಗೂ ನಾಲ್ಕು ವರ್ಷ, ಅದರ ನಂತರ ಉಳಿಯುವವರು ನೂರಕ್ಕೆ ಇಪ್ಪತ್ತೈದು ಎಂಬುದು ಹೋಗುವ ಮುನ್ನವೇ ತಿಳಿದಿದೆ. ಆ ಯೋಜನೆಯನ್ನು ನಾನು ಮೆಚ್ಚಿದವನಲ್ಲ, ಆದರೆ ಅದರಲ್ಲಿ ಗಡಿಯಾರವಿದೆ.

ಹುಡುಗಿಯರ ವಿಷಯಕ್ಕೆ ಬರುತ್ತೇನೆ. ಕಟ್ಟೆಯ ಮೇಲೆ ಅವರು ಕಾಣುವುದಿಲ್ಲವಾದ್ದರಿಂದ ನಿಮ್ಮ ಭಾಷಣದಲ್ಲಿಯೂ ಅವರಿಲ್ಲ. ಪದವಿಯಲ್ಲಿ ಹುಡುಗರಿಗಿಂತ ಹೆಚ್ಚು ಅಂಕ ತೆಗೆದವಳು ಫಲಿತಾಂಶ ಬಂದ ವಾರದಿಂದ ಮನೆಯಲ್ಲಿ ‘ಖಾಲಿ ಇದ್ದಾಳೆ’ ಎಂದು ಲೆಕ್ಕಕ್ಕೆ ಬರುತ್ತಾಳೆ. ಖಾಲಿ ಇರುವವಳಿಗೆ ರೊಟ್ಟಿ ಬಡಿಯುವುದು, ಅಜ್ಜಿಯನ್ನು ದವಾಖಾನೆಗೆ ಕರೆದೊಯ್ಯುವುದು, ಅಣ್ಣನ ಮಗುವನ್ನು ನೋಡಿಕೊಳ್ಳುವುದು ಎಲ್ಲ ತಾವಾಗಿಯೇ ಬಂದು ಸೇರುತ್ತವೆ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಣ್ಣುಮಕ್ಕಳು ದಿನಕ್ಕೆ ಅದಕ್ಕೆ ಕೊಡುತ್ತಿದ್ದದ್ದು ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. ಮರಿಯೆಂಥಾಲಿನ ಬೀದಿಯ ವೇಗದ ಲೆಕ್ಕವೇ ಇದು, ದೇಶ ಬೇರೆ ಅಷ್ಟೆ. ಅಣ್ಣನಿಗೆ ಮೂವತ್ತೈದರವರೆಗೆ ತಯಾರಿ ನಡೆಸಲು ಮನೆ ಒಪ್ಪುತ್ತದೆ. ತಂಗಿಗೆ ಒಂದು ಅಧಿಸೂಚನೆಯ ಅವಕಾಶ, ಬಹಳವೆಂದರೆ ಎರಡು. ಆಮೇಲೆ ಮದುವೆ. ಹೀಗಾಗಿ ನೀವು ಒಂದು ಪರೀಕ್ಷೆಯನ್ನು ಎಂಟು ತಿಂಗಳು ಮುಂದೂಡಿದರೆ ಅಣ್ಣನಿಗೆ ಬೇಸರವಾಗುತ್ತದೆ, ತಂಗಿಗೆ ಬಾಗಿಲೇ ಮುಚ್ಚುತ್ತದೆ. ಪರೀಕ್ಷೆ ಮುಂದೂಡಿದ ಆದೇಶಕ್ಕೆ ಸಹಿ ಹಾಕುವವರು ಇದನ್ನು ಒಮ್ಮೆಯಾದರೂ ಯೋಚಿಸಿದ್ದಾರೆಯೇ? ಅಣ್ಣನ ಜೊತೆ ಬಂದು ಅರ್ಜಿ ತುಂಬಿಸಿ ಹೋದ ಹುಡುಗಿಯೊಬ್ಬಳ ಪ್ರವೇಶಪತ್ರ ಕೊನೆಗೂ ಬಂದಾಗ ಅವಳು ಗಂಡನ ಊರಿನಲ್ಲಿದ್ದಳು. ಅಣ್ಣ ಬಂದು ತನ್ನದನ್ನು ಮಾತ್ರ ಪ್ರಿಂಟ್ ತೆಗೆಸಿಕೊಂಡು ಹೋದ.

ಮೊಬೈಲ್ ಚಟದ ಬಗ್ಗೆ ನೀವು ಹೇಳುವುದರಲ್ಲಿ ಸತ್ಯವಿದೆ, ಅಲ್ಲಗಳೆಯುವುದಿಲ್ಲ. ರಮ್ಮಿ, ಕ್ರಿಕೆಟ್ ಬೆಟ್ಟಿಂಗ್, ಬಣ್ಣ ಬಣ್ಣದ ಆ್ಯಪ್‌ಗಳಲ್ಲಿ ದುಡ್ಡು ಕಳೆದುಕೊಂಡವರನ್ನು ನಾನೂ ಬಲ್ಲೆ. ಇಂಥ ಆಟಗಳ ವಿರುದ್ಧ ನಮ್ಮ ರಾಜ್ಯ 2021ರಲ್ಲಿ ತಂದ ಕಾನೂನನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ತಳ್ಳಿಹಾಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ಒಳ್ಳೆಯ ಕೆಲಸ. ಆದರೆ ಆಡುವವನು ಆ ಆಟದಲ್ಲಿ ಏನನ್ನು ಕಂಡ ಎಂಬುದನ್ನೂ ನೋಡಿ. ಅಲ್ಲಿ ಫಲಿತಾಂಶ ಆ ಕ್ಷಣವೇ ಬರುತ್ತದೆ. ಗೆದ್ದೆಯೋ ಸೋತೆಯೋ ಎಂದು ಯಾರೋ ಕೂಡಲೇ ಹೇಳುತ್ತಾರೆ. ವರ್ಷಗಟ್ಟಲೆ ಉತ್ತರವೇ ಬಾರದ ಕಚೇರಿಗಳ ಬಾಗಿಲು ಕಾದವನಿಗೆ ಅದು ಎಂಥ ಸೆಳೆತ ಎಂಬುದು ನಿಮಗೆ ಅರ್ಥವಾಗದೆ ಇರದು. ಚುನಾವಣೆ ಮುಗಿದು ಎಣಿಕೆಯ ದಿನದವರೆಗೆ ನೀವು ನಿದ್ದೆ ಮಾಡುವುದಿಲ್ಲವಲ್ಲ.

ಕೆಲಸ ಸಿಗದವರಿಗೆ ಭತ್ಯೆಯೆಂದು ಯುವನಿಧಿ ಕೊಟ್ಟಿದ್ದೀರಿ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಆ ದುಡ್ಡಿನಲ್ಲಿ ಅರ್ಜಿ ಶುಲ್ಕ, ಪುಸ್ತಕ, ಪರೀಕ್ಷಾ ಕೇಂದ್ರಕ್ಕೆ ಹೋಗುವ ಬಸ್ ಖರ್ಚು ಸಾಗುತ್ತಿದೆ. ಅಪ್ಪನ ಎದುರು ಕೈ ಚಾಚುವುದು ತಪ್ಪಿದೆ. ಆ ಮಟ್ಟಿಗೆ ಋಣಿ. ಆದರೆ ಮುಂದಿನ ಓದಿಗೆ ಸೇರಿದರೆ ಅದು ಸಿಗುವುದಿಲ್ಲ ಎಂಬ ಷರತ್ತು ವಿಚಿತ್ರವಾಗಿದೆ. ಸುಮ್ಮನೆ ಕುಳಿತಿದ್ದೇನೆ ಎಂದು ಆಗಾಗ ಘೋಷಣೆ ಮಾಡಿದವನಿಗೆ ಹಣ, ಎದ್ದು ಕಾಲೇಜಿಗೆ ಹೊರಟವನಿಗೆ ಇಲ್ಲ. ಇತ್ತ ಕೇಂದ್ರ ಸರ್ಕಾರ ನಿರುದ್ಯೋಗ ಅಳೆಯುವ ವಾರದ ಲೆಕ್ಕದಲ್ಲಿ ಏಳು ದಿನಗಳಲ್ಲಿ ಒಂದು ಗಂಟೆ ದುಡಿದವನೂ ಉದ್ಯೋಗಿ. ಕಬ್ಬಿನ ಹಂಗಾಮಿನಲ್ಲಿ ಒಂದು ಹೊತ್ತು ಟ್ರ್ಯಾಕ್ಟರ್ ಓಡಿಸಿದ ಬಿ.ಎಸ್ಸಿ. ಪದವೀಧರ ಆ ವಾರ ನಿರುದ್ಯೋಗಿಯಲ್ಲ. ಅಂಕಿಸಂಖ್ಯೆ ಹಿಡಿದು ಸದನದಲ್ಲಿ ಎದ್ದು ನಿಲ್ಲುವ ಮೊದಲು ಇದು ನೆನಪಿರಲಿ.

ಗ್ರಂಥಾಲಯದ ಬಗ್ಗೆ ಎರಡು ಮಾತು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ನನ್ನ ಅಂಗಡಿಯದೂ ಅದರಲ್ಲಿದೆ. ಗ್ರಾಮ ಪಂಚಾಯತಿ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಎಂದು ಹೆಸರಿಟ್ಟಿದ್ದೀರಿ, ಬಣ್ಣವೂ ಚೆನ್ನಾಗಿದೆ. ನಮ್ಮ ಸುತ್ತಲಿನ ಕೆಲವೆಡೆ ದೀಪ ಹಚ್ಚುವ ಹೊತ್ತಿಗೆ ಬೀಗ ಬೀಳುತ್ತದೆ. ಹುಡುಗನಿಗೆ ಮನೆಯಿಂದ ಹೊರಗೆ ಒಂದು ಕುರ್ಚಿ ಬೇಕಾಗುವುದೇ ಆ ಹೊತ್ತಿನಲ್ಲಿ. ರಾತ್ರಿ ಹತ್ತರವರೆಗೆ ತೆರೆದಿಡಿ, ಮೇಲ್ವಿಚಾರಕರಿಗೆ ಹೆಚ್ಚಿನ ಹೊತ್ತಿನ ಸಂಬಳ ಕೊಡಿ. ಹುಡುಗಿಯರಿಗೆ ಮಧ್ಯಾಹ್ನದ ಒಂದು ಹೊತ್ತು ಮೀಸಲಿಡಿ. ಬರೀ ಸಾಮಾನ್ಯ ಜ್ಞಾನದ ಪುಸ್ತಕ ತುಂಬಬೇಡಿ, ನಾಲ್ಕು ಕಾದಂಬರಿಯೂ ಇರಲಿ, ಒಂದು ಕೇರಂ ಬೋರ್ಡೂ ಇರಲಿ.

ನೀವು ಬಂದು ಇಳಿಯುವ ಕಟ್ಟಡದ ಬಗ್ಗೆಯೂ ಹೇಳದೆ ಇರಲಾರೆ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿಗಳ ಕೈಯಿಂದ ಉದ್ಘಾಟನೆಯಾದ ಸುವರ್ಣ ವಿಧಾನಸೌಧಕ್ಕೆ ಡಿಸೆಂಬರಿನಲ್ಲಿ ಹತ್ತು ದಿನ ಕೈತುಂಬ ಕೆಲಸ. ಕೆಲವು ಕಚೇರಿಗಳು ಅಲ್ಲಿಗೆ ಬಂದಿವೆ ಎಂಬುದು ನಿಜ, ಆದರೂ ಅದರ ಬಹುಪಾಲು ವರ್ಷವಿಡೀ ಮುಂದಿನ ಅಧಿಸೂಚನೆಗೆ ಕಾಯುತ್ತಿರುತ್ತದೆ. ಅದಕ್ಕೆ ಬಣ್ಣ ಬಳಿಯುತ್ತಾರೆ, ಕಸ ಗುಡಿಸುತ್ತಾರೆ, ಕಾವಲು ಹಾಕುತ್ತಾರೆ. ಏನು ಮಾಡಿಕೊಂಡಿದ್ದೀಯಾ ಎಂದು ಯಾರೂ ಕೇಳುವುದಿಲ್ಲ.

ಈ ಸಲ ಸೌಧದ ಹತ್ತಿರದ ಕೊಂಡಸಕೊಪ್ಪದ ಪ್ರತಿಭಟನಾ ಟೆಂಟಿನಲ್ಲಿ ನಮ್ಮ ಹುಡುಗರೂ ಇರುತ್ತಾರೆ. ನೀವು ಅಲ್ಲಿಗೆ ಬಂದು ಮನವಿಪತ್ರ ಇಸಿದುಕೊಂಡು, ಫೋಟೊ ತೆಗೆಸಿಕೊಂಡು, ಪರಿಶೀಲಿಸುತ್ತೇವೆ ಎಂದು ಹೋಗುವುದು ಬೇಡ. ಎಲ್ಲರಿಗೂ ಸರ್ಕಾರಿ ಕೆಲಸ ಕೊಡಿ ಎಂದು ಅವರು ಕೇಳುತ್ತಿಲ್ಲ. ಕೊಡಲಾಗದು ಎಂದು ಅವರಿಗೂ ಗೊತ್ತು. ಮುಂದಿನ ವರ್ಷದ ನೇಮಕಾತಿಗಳ ತಾರೀಖುಗಳ ಪಟ್ಟಿಯನ್ನು ಜನವರಿಯಲ್ಲೇ ಪ್ರಕಟಿಸಿ, ಯಾವ ಹುದ್ದೆಯನ್ನು ಆ ವರ್ಷ ತುಂಬುವುದಿಲ್ಲವೋ ಅದನ್ನೂ ಸ್ಪಷ್ಟವಾಗಿ ಬರೆಯಿರಿ. ಇಲ್ಲ ಎಂಬ ಉತ್ತರವಾದರೂ ಸಿಕ್ಕರೆ ಅವನು ಹೊಲಕ್ಕೋ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗೋ ಪುಣೆಗೋ ಹೊರಡುತ್ತಾನೆ. ಪರೀಕ್ಷೆ ಮುಂದೂಡಿದರೆ ಹೊಸ ತಾರೀಖನ್ನು ಅದೇ ಆದೇಶದಲ್ಲಿ ಹೇಳಬೇಕು, ಅಭ್ಯರ್ಥಿಯ ಶುಲ್ಕವನ್ನು ಮರಳಿಸಬೇಕು ಎಂದು ನಿಯಮ ಮಾಡಿ.

ಪ್ರಶ್ನೋತ್ತರ ಕಲಾಪದಲ್ಲಿ ಕೇಳಲು ನಿಮಗೆ ಅನುಕೂಲವಾಗಲೆಂದು ಚುಕ್ಕೆ ಗುರುತಿನ ಪ್ರಶ್ನೆಯೊಂದನ್ನು ಸಿದ್ಧಪಡಿಸಿದ್ದೇನೆ: ‘ಕಳೆದ ಐದು ವರ್ಷಗಳಲ್ಲಿ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರತಿಯೊಂದು ನೇಮಕಾತಿಯಲ್ಲಿ ಅಧಿಸೂಚನೆಯ ದಿನದಿಂದ ನೇಮಕಾತಿ ಆದೇಶದ ದಿನದವರೆಗೆ ಎಷ್ಟು ದಿನಗಳು ಹಿಡಿದವು? ಆ ಅವಧಿಯಲ್ಲಿ ವಯೋಮಿತಿ ಮೀರಿದ ಅಭ್ಯರ್ಥಿಗಳು ಎಷ್ಟು? ಅವರಲ್ಲಿ ಮಹಿಳೆಯರು ಎಷ್ಟು? ವಿಳಂಬಕ್ಕೆ ಹೊಣೆಯಾದ ಅಧಿಕಾರಿಗಳ ಮೇಲೆ ಕೈಗೊಂಡ ಕ್ರಮವೇನು?’

ಯಾವ ಪಕ್ಷದವರು ಬೇಕಾದರೂ ಕೇಳಬಹುದು. ಅಧಿವೇಶನಕ್ಕೆ ಹೋಗುವ ದಾರಿಯಲ್ಲಿ ಬೈಲಹೊಂಗಲಕ್ಕೆ ಬಂದರೆ ನಿಮ್ಮ ಹೆಸರು, ಕ್ಷೇತ್ರ ಹಾಕಿ ಪ್ರಿಂಟ್ ತೆಗೆದುಕೊಡುತ್ತೇನೆ, ಪುಟಕ್ಕೆ ಐದು ರೂಪಾಯಿಯಂತೆ ನಾನು ಎಲ್ಲರಿಂದಲೂ ತೆಗೆದುಕೊಳ್ಳುವ ದರ ನಿಮಗೆ ಇಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಬೈಲಹೊಂಗಲದ ಒಬ್ಬ ಝೆರಾಕ್ಸ್ ಅಂಗಡಿಯವನು